ವೈವಾ ದಿನ ಮಾರಯ್ಯ ಕೆರ್ಕೊಂಡಿದ್ದು

ಇಲ್ಲ ಚೂಡಾಮಣಿ ಮೇಡಂ, ಸಿಗ್ನಲ್ಲೂ ಇಲ್ಲ ಗಿಗ್ನಲ್ಲೂ ಇಲ್ಲ. ಕೆರ್ಕೊಂಡೆ. ಅಷ್ಟೇ. ಮೈ ಕಡೀತು, ಕೆರ್ಕೊಂಡೆ! ಮನುಷ್ಯ ಅಂದ್ಮೇಲೆ ಕೆರ್ಕೊಳಲ್ವಾ? ತಿರುಮಲೇಶ ಸಾರು ಹೊರಗಡೆಯಿಂದ ಬಂದಿರೋ ಎಕ್ಸಾಮಿನರ್ರು, ದೊಡ್ಡೋರು, ಇಲ್ಲ ಅನ್ನಲ್ಲ. ಆದ್ರೆ ಅನಾಟಮಿ ಲ್ಯಾಬ್ ಅಟೆಂಡರ್ ಮಾರಯ್ಯ ಮೈ ಕೆರ್ಕೊಂಡ ಅಂತ ಇಡೀ ವೈವಾನೇ ಕ್ಯಾನ್ಸಲ್ ಮಾಡಿ ಅಂತಾರಲ್ಲ, ಇದ್ಯಾವ ನ್ಯಾಯ ಮೇಡಂ? ಇಪ್ಪತ್ತಾರು ಮಕ್ಳು! ಫಿಸಿಯೋಥೆರಪಿ ಫಸ್ಟ್ ಇಯರ್, ಪಾಪ. ಈಗ ಹೋಯ್ತು ಅಂದ್ರೆ ಇನ್ನಾರು ತಿಂಗ್ಳು ಬಿಟ್ಟು ಮತ್ತೆ ಇದೇ ಮೂಳೆ ಹಿಡ್ಕೊಂಡು ಇದೇ ಸ್ಟೂಲ್ ಮೇಲೆ ಕೂತ್ಕೋಬೇಕು.

ನಾನಾ? ಕೂತ್ಕೋಬೇಕಾ? ಬೇಡ ಮೇಡಂ, ನಿಂತೇ ಅಭ್ಯಾಸ... ಸರಿ ಸರಿ, ಕೂತ್ಕೋತೀನಿ. ಆದ್ರೆ ಬೆನ್ನು ಒರಗಿಸಲ್ಲ, ಇನ್ನೂ ಉರೀತಿದೆ.

ಗೊತ್ತು ಮೇಡಂ, ಐದು ಗಂಟೆ ಒಳಗೆ ನೀವು ರಿಪೋರ್ಟ್ ಬರ್ದು ಕೊಡ್ಬೇಕು. ತಿರುಮಲೇಶ ಸಾರು ಪ್ರಿನ್ಸಿಪಾಲರ ರೂಮಲ್ಲಿ ಬಜ್ಜಿ ಮುಟ್ಟದೆ ಕೂತಿದಾರಂತೆ. ಬಜ್ಜಿ ಮುಟ್ಟಿಲ್ಲ ಅಂದ್ಮೇಲೆ ಕೋಪ ಜೋರಾಗೇ ಇದೆ. ನೀವು ಬರೀರಿ. 'ಅಟೆಂಡರ್‌ಗೆ ಮೈ ಕಡಿತ ಇತ್ತು' ಅಂತ ಒಂದು ಲೈನು. ಅಲ್ಲಿಗೆ ಮುಗೀತಲ್ಲ?

ಇದೇನು, ಲಿಸ್ಟಾ? ನಾನೇ ಓದ್ಬೇಕಾ? ಓದ್ತೀನಿ ಬಿಡಿ, ಕನ್ನಡಕ... ಹಾಂ. 'ಹತ್ತೊಂಬತ್ತನೇ ನಂಬರ್, ಸುರಭಿ. ಕೆಳದವಡೆಯ ಮೂಳೆ ಕೊಟ್ಟು ಇದು ಯಾವುದು ಎಂದು ಕೇಳಲಾಯಿತು. ಉತ್ತರ: ಸ್ಕ್ಯಾಪುಲಾ.' ಅಯ್ಯಯ್ಯೋ! ಬೆನ್ನಿನ ಹೆಗಲ ಮೂಳೆ ಅಂದ್ಲಾ? ಹಲ್ಲಿತ್ತಲ್ಲ ಮೇಡಂ ಅದ್ರಲ್ಲಿ! ಸಾಲಾಗಿ ಹಲ್ಲು! ನಾನೇ ಬೆಳಿಗ್ಗೆ ಬ್ರಷ್ ಹಾಕಿ ಒರೆಸಿಟ್ಟಿದ್ದೆ. ಹೆಗಲಲ್ಲಿ ಯಾರ್ಗಾದ್ರೂ ಹಲ್ಲಿರುತ್ತಾ?

'ಇಪ್ಪತ್ತು, ಸುಶ್ರುತ. ಪಿತ್ತರಸ ಎಲ್ಲಿ ಶೇಖರವಾಗುತ್ತದೆ? ಉತ್ತರ: ಕಂಕುಳಲ್ಲಿ.' ಛೆ ಛೆ ಛೆ. ಹೆಸರು ನೋಡಿ ಮೇಡಂ, ಸುಶ್ರುತ! ಹಳೇ ಕಾಲದಲ್ಲಿ ಆಪರೇಷನ್ ಮಾಡಿದ ಋಷಿ ಹೆಸರು. ಇವನು ಪಿತ್ತಾನ ಕಂಕುಳಲ್ಲಿ ಇಟ್ಕೊಂಡು ಓಡಾಡ್ತಾನಂತೆ. 'ಇಪ್ಪತ್ತೊಂದು. ಎದೆಬಡಿತ ಎಲ್ಲಿಂದ ಶುರುವಾಗುತ್ತದೆ? ಉತ್ತರ: ಕತ್ತಿನ ಹಿಂಭಾಗ.' ಇದಕ್ಕೂ ನನಗೂ ಏನ್ ಸಂಬಂಧ ಮೇಡಂ? ಮಕ್ಳು ಓದಿಲ್ಲ, ಬಾಯಿಗೆ ಬಂದಿದ್ದು ಹೇಳಿದಾರೆ. ಈಗಿನ ಮಕ್ಳು ಮೊಬೈಲ್ ಬಿಟ್ಟು...

ಕೊನೇದೂ ಓದ್ಬೇಕಾ? 'ಇಪ್ಪತ್ತಾರು, ವಿಭಾ. ದೇಹದ ಅತಿ ದೊಡ್ಡ ಅಂಗ ಯಾವುದು? ಉತ್ತರ: ಚರ್ಮ.' ನೋಡಿ! ಇದು ಸರಿ ಇದೆ! ನೂರಕ್ಕೆ ನೂರು ಸರಿ! ಆಗಂತೂ ನಾನು ಮೈಯೆಲ್ಲಾ ಕೆರ್ಕೊತಾ ಇದ್ನಲ್ಲ, ಅದಕ್ಕೆ ಚರ್ಮ ಅಂತ ಸರಿಯಾಗಿ...

...

ಯಾಕೆ ಮೇಡಂ ನಗ್ತೀರಾ?

ಇಲ್ಲ, ನಗ್ತಿದೀರಾ. ಫೈಲು ಅಡ್ಡ ಹಿಡ್ಕೊಂಡ್ರೆ ಕಾಣಲ್ವಾ? ಭುಜ ಕುಣೀತಿದೆ. ಎದೆ ಕೆಳಗಿನ ಡಯಾಫ್ರಮ್ಮು ಕುಣಿದ್ರೆ ಭುಜ ಕುಣಿಯುತ್ತೆ, ನೀವೇ ಪಾಠ ಮಾಡಿರೋದು. ಆಯ್ತು. ಬಾಯಿಂದ ಬಿದ್ದುಹೋಯ್ತು, ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ತೋರಿಸ್ತೀನಿ ಮೇಡಂ. ಮಕ್ಳಿಗೆ ತೋರಿಸ್ತೀನಿ. ಇಪ್ಪತ್ತೊಂದು ವರ್ಷದಿಂದ ತೋರಿಸ್ಕೊಂಡು ಬಂದಿದೀನಿ. ನಿಮಗೆ ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡಿ. ಕಾಲೇಜಲ್ಲಿ ಗೋಡೆಗೂ ಗೊತ್ತು.

ಹೆಂಗೆ ಶುರುವಾಯ್ತು ಗೊತ್ತಾ? ನಾನು ಸೇರಿದ ಎರಡನೇ ವರ್ಷ. ಆಗ ನಮ್ಮ ಕಾಲೇಜಿಗೆ ಈ ಬಿಲ್ಡಿಂಗೂ ಇರ್ಲಿಲ್ಲ, ಜೆ.ಪಿ. ನಗರದ ಯಾವುದೋ ಕಲ್ಯಾಣ ಮಂಟಪದ ಮೇಲ್ಗಡೆ ನಡೀತಿತ್ತು. ಕೆಳಗೆ ಓಲಗ, ಮೇಲೆ ವೈವಾ. ಪಾರ್ವತಮ್ಮ ಅಂತ ಒಂದು ಹುಡುಗಿ, ಬೇಗೂರು ಕಡೆಯವಳು, ಎಕ್ಸಾಮಿನರ್ ಮುಂದೆ ಕೂತಿದೆ. ಕೈಲಿ ಕಾಲರ್ ಬೋನು. ರಾತ್ರಿಯೆಲ್ಲಾ ಓದಿದೆ, ಗೊತ್ತಿದೆ, ಬಾಯಿಗೆ ಬರ್ತಿಲ್ಲ. ಕಣ್ಣಲ್ಲಿ ನೀರು ತುಂಬ್ಕೊಂಡು ಆ ಕಡೆ ಈ ಕಡೆ ನೋಡ್ತು. ಎಕ್ಸಾಮಿನರ್ ಹಿಂದೆ ನಾನು ನಿಂತಿದೀನಿ. ನಂಗೇ ಗೊತ್ತಿಲ್ಲದಂಗೆ ಕೈ ಮೇಲೆ ಹೋಗಿ ಕಾಲರ್ ಸರಿ ಮಾಡ್ಕೊಂಡೆ. 'ಕ್ಲಾವಿಕಲ್ ಸಾರ್!' ಅಂತು. ಮುಖ ನೋಡ್ಬೇಕಿತ್ತು ಮೇಡಂ ಅದರದ್ದು. ಆ ಮುಖ ನೋಡಿದ್ಮೇಲೆ ಸುಮ್ನಿರೋಕೆ ಆಗುತ್ತಾ ಯಾರಿಗಾದ್ರೂ?

ಅಲ್ಲಿಂದ ಅದೊಂದು ಪದ್ಧತಿ ಆಗೋಯ್ತು. ಸೀನಿಯರ್ಸು ಜೂನಿಯರ್ಸ್‌ಗೆ ಹೇಳ್ಕೊಡೋ ಮೊದಲ್ನೇ ಪಾಠಾನೇ ಅದು, 'ಮರ್ತುಹೋದ್ರೆ ಮಾರಯ್ಯಣ್ಣನ್ನ ನೋಡು'. ಸುಲಭದ ಕೆಲಸ ಅನ್ಬೇಡಿ, ತುಂಬಾ ಕಷ್ಟ ಮೇಡಂ ಅದು! ತಲೆ, ಮೂಗು, ಮೊಣಕಾಲು, ಇವೆಲ್ಲ ಸುಲಭ. ಲಿವರ್ರು ಅಂದ್ರೆ ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಇಟ್ಕೊಂಡು ಮುಖ ಹುಳ್ಳಗೆ ಮಾಡ್ಬೇಕು. ಕಿಡ್ನಿ ಅಂದ್ರೆ ಸೊಂಟ ನೋವು ಬಂದಂಗೆ ಎರಡೂ ಕೈ ಹಿಂದೆ. ಪ್ಯಾಂಕ್ರಿಯಾಸ್ ಒಳಗೆ ಅವಿತ್ಕೊಂಡಿರುತ್ತೆ, ಅದಕ್ಕೆ ಅಂಗೀನ ಪ್ಯಾಂಟ್ ಒಳಗೆ ಸಿಗಿಸ್ಕೊಂಡಂಗೆ ಮಾಡ್ತೀನಿ. ಗ್ಲೂಟಿಯಸ್ ಮ್ಯಾಕ್ಸಿಮಸ್ ಬಂದ್ರೆ... ಹೇಳೋಕೆ ನಾಚ್ಕೆ. ಸ್ಟೂಲ್ ಮೇಲೆ ಕೂತು ಕೂತು ಎದ್ದೇಳ್ತೀನಿ. ಸ್ಪ್ಲೀನ್ ಒಂದಕ್ಕೆ ಇವತ್ತಿನವರೆಗೂ ದಾರಿ ಸಿಕ್ಕಿಲ್ಲ. ಸ್ಪ್ಲೀನ್ ಕೇಳಿದ್ರೆ ನಮ್ಮ ಮಕ್ಳು ಫೇಲೇ.

ನೀರು ಕುಡೀರಿ ಮೇಡಂ, ಕೆಮ್ಮು ಬಂತು ನೋಡಿ.

ಎಸ್ಸೆಸ್ಸೆಲ್ಸಿ ಎರಡು ಸಲ ಫೇಲ್ ಆದೋನು ನಾನು. ಆದ್ರೆ ಇನ್ನೂರಾ ಆರು ಮೂಳೇನೂ ಕಣ್ಮುಚ್ಕೊಂಡು ಕೈಲಿ ಮುಟ್ಟಿ ಹೇಳ್ತೀನಿ, ಎಡಗಡೇದಾ ಬಲಗಡೇದಾ ಅಂತಾನೂ. ಇಪ್ಪತ್ತೆರಡು ವರ್ಷ ಒರೆಸಿದೀನಲ್ಲ. ಮನೇಲಿ ಭಾನುವಾರ ಮಟನ್ ಸಾರು ಮಾಡಿದ್ರೆ ಒಂದೊಂದು ಪೀಸೂ ಎತ್ತಿ, ಇದು ಟಿಬಿಯಾ, ಇದು ಬೆನ್ನಿನ ಕಶೇರು, ಇದರ ತೂತಲ್ಲಿ ಹೋಗೋ ನರ ಯಾವುದು ಅಂತ ಕೇಳಾಡ್ಕೊಂಡು ತಿಂತೀವಿ... ತಿಂತೀನಿ. ನಾನೇ ನನ್ನನ್ನ ಕೇಳ್ಕೊಂಡು. ನಮ್ಮನೆಯವಳು ಬೈತಾಳೆ, ಸಾರು ಆರೋಗುತ್ತೆ ಅಂತ.

ಇರ್ಲಿ, ಇವತ್ತಿಂದು ಕೇಳಿ. ಇವತ್ತು ಮಧ್ಯಾಹ್ನ ಆಗಿದ್ದು ನಿಜವಾಗ್ಲೂ ಸಿಗ್ನಲ್ ಅಲ್ಲ. ಕಂಬಳಿಹುಳ ಮೇಡಂ! ಕಂಬಳಿಹುಳ! ನಮ್ಮನೆ ಕೋಣನಕುಂಟೇಲಿ ಹಿತ್ತಿಲಲ್ಲಿ ನುಗ್ಗೆಮರ ಇದೆ. ಈ ಸಲ ಮರ ತುಂಬಾ ಹುಳ. ಅದರ ಕೆಳಗೇ ತಂತಿ. ಇಸ್ತ್ರಿ ಮಾಡೋ ಹೊಸ ಯೂನಿಫಾರ್ಮ್ ಶರ್ಟು ನಮ್ಮನೆಯವಳು ಅಲ್ಲಿ ಒಣಗಾಕಿದ್ದಾಳೆ. ಒಂದೇ ಒಂದು ಹುಳ ಒಳಗಡೆ ಹರ್ದುಹೋದ್ರೂ ಸಾಕು, ಕೂದಲು ಅಂಟ್ಕೊಂಡಿರುತ್ತೆ. ಇಸ್ತ್ರಿ ಬಿಸಿಗೂ ಸಾಯಲ್ಲ ಅದು. ಊಟ ಆದ್ಮೇಲೆ, ಎರಡು ಗಂಟೆಗೆ, ಆ ಶರ್ಟ್ ಹಾಕ್ಕೊಂಡೆ. ಹಾಕ್ಕೊಂಡ ಎರಡು ನಿಮಿಷಕ್ಕೆ ಶುರು. ಮೊದ್ಲು ಹೆಗಲು. ಆಮೇಲೆ ಕಂಕುಳು. ಆಮೇಲೆ ಕತ್ತು. ಮೈಗೆ ಯಾರೋ ಖಾರದಪುಡಿ ಎರಚಿದಂಗೆ!

ನಾನು ನನ್ನ ಪಾಡಿಗೆ ಕೆರ್ಕೊತಿದೀನಿ, ಮಕ್ಳು ತಮ್ಮ ಪಾಡಿಗೆ ಉತ್ತರ ಹೇಳ್ತಿದಾವೆ! ಸುರಭಿ ಹೇಳಿದ್ದು ಕಿವಿಗೆ ಬಿತ್ತು, ಗಾಬರಿಯಾಗಿ ಬೇಡ ಬೇಡ ಅಂತ ತಲೆ ಅಲ್ಲಾಡಿಸ್ದೆ. 'ಸ್ಕಲ್ ಸಾರ್' ಅಂದ್ಲು. ನಿಮ್ಮ ಲಿಸ್ಟಲ್ಲಿ ಅದು ಬರ್ದೇ ಇಲ್ಲ ನೋಡಿ, ಅಷ್ಟಾದ್ರೂ ಸಮಾಧಾನ. ನಿಲ್ಲಿಸ್ಬೇಕು ಅಂತ ಗೊತ್ತು. ಕೈ ಕೇಳ್ತಿಲ್ಲ. ಬೆನ್ನಿನ ಮಧ್ಯ ಇರುತ್ತಲ್ಲ ಮೇಡಂ, ಎರಡೂ ಕೈಗೆ ಸಿಗದೇ ಇರೋ ಜಾಗ? ಅಲ್ಲಿಗೆ ಬಂತು. ಪಕ್ಕದಲ್ಲಿ ನಮ್ಮ ಅಸ್ಥಿಪಂಜರ ನೇತಾಡ್ತಿತ್ತು. ಏನ್ ಮಾಡ್ಲಿ? ಅದರ ಕೈ ಹಿಡ್ಕೊಂಡೆ. ಹಿಂದಕ್ಕೆ ತಗೊಂಡು, ಅದರ ಬೆರಳಲ್ಲೇ... ಆಹಾ! ಆ ಸುಖ ಹೇಳೋಕಾಗಲ್ಲ ಮೇಡಂ. ಕಣ್ಮುಚ್ಚೋಯ್ತು ನಂಗೆ. ಅಸ್ಥಿಪಂಜರದ ಹಲ್ಲು ಕಟಕಟ ಅಂತಿದೆ, ನಾನು ಹಾ ಹಾ ಅಂತಿದೀನಿ. ಕಣ್ಬಿಟ್ರೆ ತಿರುಮಲೇಶ ಸಾರು ಕುರ್ಚಿ ತಿರುಗಿಸ್ಕೊಂಡು ನನ್ನೇ ನೋಡ್ತಿದಾರೆ.

ನಗಿ, ನಗಿ. ನೀವು ಪಕ್ಕದ ರೂಮಲ್ಲಿ ಬೀಪಿ ಟೇಬಲ್ ಹತ್ರ ಇದ್ರಿ, ನಿಮಗೇನು. ಆ ಮುಖ ನೋಡಿದ್ರೆ ನಗ್ತಿರ್ಲಿಲ್ಲ.

ಆಯ್ತಲ್ಲ ಮೇಡಂ. ಈಗ ನಾನೊಂದು ಮಾತು ಹೇಳ್ಲಾ? ನನ್ನ ಕೆಲಸ ತೆಗೀರಿ. ಬೇಜಾರಿಲ್ಲ. ಬೆಳಿಗ್ಗೆಯಿಂದ ನಾನು ಅಲ್ಲಿ ಇಲ್ಲಿ ಮುಟ್ಕೊಂಡಿದ್ದು ನಿಜ. ನಚಿಕೇತ ಅಂತ ಒಬ್ಬ ಹುಡುಗನಿಗೆ ಮೊಣಕಾಲು ಚಿಪ್ಪು ತೋರಿಸಿದ್ದು ನಾನೇ. ಬೇಕಾದ್ರೆ ಕೈಬರಹದಲ್ಲಿ ಬರ್ದು ಸೈನ್ ಹಾಕ್ತೀನಿ. ಆದ್ರೆ ಪರೀಕ್ಷೆ ಕ್ಯಾನ್ಸಲ್ ಮಾಡ್ಬೇಡಿ. ಎಲ್ರೂ ನನ್ನ ನೋಡಿ ಹೇಳಿದಾರೆ ಅಂತ ತಿರುಮಲೇಶ ಸಾರು ಬರ್ದಿದ್ರೆ ಅದು ಸುಳ್ಳು. ಎಲ್ರೂ ನೋಡಿಲ್ಲ. ಹದಿನೆಂಟನೇ ನಂಬರ್, ಊಟ ಆದ್ಮೇಲೆ ಮೊದಲ್ನೇದಾಗಿ ಬಂದ ಹುಡುಗಿ, ಒಂದ್ಸಲಾನೂ ನನ್ನ ಕಡೆ ತಲೆ ಎತ್ಲಿಲ್ಲ. ಒಂದ್ಸಲಾನೂ! ಅವಳದ್ದು ಅವಳೇ ಓದಿ ಹೇಳಿರೋದು. ಅವಳ್ದನ್ನಾದ್ರೂ ಬಿಟ್ಬಿಡಿ. ಓದಿರೋ ಮಗೂಗೆ ಯಾಕೆ ಶಿಕ್ಷೆ?

ಹೆಸ್ರಾ? ಅದೇ... ಶಾಲಿನಿ ಅಂತಿರಬೇಕು. ಹಾಜರಿ ಪುಸ್ತಕದಲ್ಲಿ ನೋಡಿದ್ದೆ.

ಯಾಕೆ ಮೇಡಂ, ನಗೋದು ನಿಲ್ಲಿಸ್ಬಿಟ್ರಿ?

ಅಲ್ಲ, ಆ ಟೈಮ್ ಮೇಲೆ ಯಾಕೆ ಪೆನ್ ಇಟ್ಟಿದೀರಾ? 'ಹದಿನೆಂಟು: ಎರಡು ಗಂಟೆ. ಹತ್ತೊಂಬತ್ತು: ಎರಡೂ ಹದಿನೈದು.' ಹೌದು. ಅದಕ್ಕೇನೀಗ? ...ಹಾಂ, ಎರಡು ಗಂಟೆಗೇ ಶರ್ಟ್ ಹಾಕ್ಕೊಂಡಿದ್ದು. ಎರಡು ನಿಮಿಷಕ್ಕೇ ಕಡಿತ ಶುರುವಾಗಿದ್ದು. ಹೌದು, ನಾನೇ ಹೇಳ್ದೆ. ಕೆರ್ಕೊಂಡಿದ್ದು ಎರಡೂ ಹದಿನೈದಕ್ಕೆ. ಮಧ್ಯದಲ್ಲಿ... ಮಧ್ಯದಲ್ಲಿ ಕಮ್ಮಿ ಇತ್ತು ಮೇಡಂ. ಕಡಿತ ಅಲ್ವಾ, ನಿಧಾನಕ್ಕೆ ಏರುತ್ತೆ.

ಇಲ್ಲ. ಏರಲ್ಲ. ನೀವು ಫಿಸಿಯಾಲಜಿ ಓದಿರೋರು, ನಿಮ್ಮ ಮುಂದೆ ಏನ್ ಹೇಳೋದು.

ಶರ್ಟಾ? ಶರ್ಟ್ ಯಾಕೆ ಬದಲಾಯಿಸ್ದೆ ಅಂದ್ರೆ... ಊಟದಲ್ಲಿ ಹುಳಿ ಚೆಲ್ತು. ಬೆಳಿಗ್ಗೆ ಹಾಕಿದ್ದು ಹಳೇ ಶರ್ಟು, ಅದರ ಮೇಲೆ ಚೆಲ್ತು. ಎಲ್ಲಿದೆ ಅಂದ್ರೆ... ಅದೇ, ನಿಮ್ಮ ಹಿಂದೆ, ಈ ಲ್ಯಾಬ್ ಬಾಗಿಲ ಮೊಳೆಗೆ ನೇತಾಕಿದೀನಲ್ಲ. ನೋಡ್ಬೇಡಿ ಮೇಡಂ, ಬಿಡಿ...

ಹೌದು. ಕಲೆ ಇಲ್ಲ.

ಏನಾದ್ರೂ ಬೈರಿ ಮೇಡಂ. ನೀವು ಬೈದ್ರೆ ನಂಗೆ ಏನಾದ್ರೂ ಉತ್ತರ ಹೊಳೆಯುತ್ತೆ.

ಆ ಫೈಲು... ಅದು ಅಡ್ಮಿಷನ್ ಫೈಲಲ್ವಾ? ಅದ್ಯಾಕೆ ಈಗ? ಮೇಡಂ, ಐದಕ್ಕೆ ಹತ್ತೇ ನಿಮಿಷ ಇದೆ, ರಿಪೋರ್ಟ್... ತೆಗೀಬೇಡಿ ಮೇಡಂ, ಕೈ ಮುಗೀತೀನಿ. ನಾನೇ ಹೇಳ್ತೀನಿ. ಶಾಲಿನಿ ಎಂ. ಆ ಎಂ ಅಂದ್ರೆ ಏನು ಅಂತ ಒಂದು ವರ್ಷದಿಂದ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ನೋ ಏನೋ.

ಹೌದು ಮೇಡಂ. ನನ್ನ ಮಗಳು.

ನಾನೇ ಹೇಳಿದ್ದು ಅವಳಿಗೆ, ಕಾಲೇಜಲ್ಲಿ ಅಪ್ಪಾ ಅನ್ಬೇಡ, ಎಲ್ರೂ ಅನ್ನೋ ಹಂಗೆ ಮಾರಯ್ಯಣ್ಣ ಅನ್ನು ಅಂತ. ಮೊದಲ್ನೇ ದಿನ ಹಂಗಂದು ಬಾತ್‌ರೂಮಿಗೆ ಹೋಗಿ ಅತ್ತಿದ್ಲಂತೆ, ಅವ್ರಮ್ಮ ಹೇಳಿದ್ಲು. ಬಸ್ಸಲ್ಲಿ ಒಂದು ಸ್ಟಾಪ್ ಹಿಂದೇನೇ ಇಳ್ಕೊಂಡು ನಡ್ಕೊಂಡು ಬರ್ತಾಳೆ, ನಾನು ಗೇಟ್ ಹತ್ರ ಇರ್ತೀನಿ ಅಂತ. ನಂಗೆ ನಾಚಿಕೆ ಅಲ್ಲ ಮೇಡಂ, ಅವಳಿಗೂ ಅಲ್ಲ. ನಾನು ಇಡೀ ಊರಿನ ಮಕ್ಳಿಗೆ ಮೈ ಮುಟ್ಟಿ ಮುಟ್ಟಿ ಪಾಸ್ ಮಾಡಿಸಿರೋನು. ಅವಳು ಎಷ್ಟೇ ಓದಿ ಪಾಸಾದ್ರೂ ಜನ ಏನಂತಾರೆ? ಅಪ್ಪ ತೋರಿಸ್ದ, ಮಗಳು ಹೇಳಿದ್ಲು ಅಂತಾರೆ. ಬೇರೆಯೋರ ಮಕ್ಳಿಗೆ ಅಂದ್ರೆ ತಮಾಷೆ. ನಮ್ಮಂಥೋರ ಮನೆ ಮಕ್ಳಿಗೆ ಆ ಮಾತು ಅಂಟ್ಕೊಂಡ್ರೆ ಬಿಡಲ್ಲ.

ಗೊತ್ತು. ಬೆಳಿಗ್ಗೆ ಫಾರಂ ಕೊಟ್ಟಿದ್ದು ನೀವೇ. 'ನನ್ನ ಸಂಬಂಧಿಕರು ಯಾರೂ ಈ ಪರೀಕ್ಷೆಗೆ ಕೂತಿಲ್ಲ.' ಓದೇ ಸೈನ್ ಹಾಕ್ದೆ. ಸುಳ್ಳು ಸೈನ್. ನಿಜ ಹೇಳಿದ್ರೆ ಇವತ್ತು ರಜಾ ಹಾಕು ಅಂತಿದ್ರಿ, ನಾನು ಮನೇಲಿ ಕೂತಿರ್ತಿದ್ದೆ. ಎಷ್ಟು ಮಕ್ಳು ಆ ಸ್ಟೂಲ್ ಮೇಲೆ ಕೂತಿದ್ದು ನೋಡಿದೀನಿ ಮೇಡಂ, ಲೆಕ್ಕ ಇಲ್ಲ. ಅವಳು ಕೂತಿದ್ದು ಒಂದ್ಸಲ ನೋಡ್ಬೇಕು ಅನ್ನಿಸ್ತು. ಅಷ್ಟೇ ಆಸೆ. ಅದಕ್ಕೇ ಹೊಸ ಶರ್ಟು. ಅವಳ ಟೈಮಿಗೆ ಸರಿಯಾಗಿ ಹಾಕ್ಕೊಂಡೆ, ಇಸ್ತ್ರಿ ಮುದುರ್ಬಾರ್ದು ಅಂತ.

ಅವಳು ಬಂದು ಕೂತ್ಲು, ಮೈಗೆ ಬೆಂಕಿ ಬಿತ್ತು. ಒಂದು ಬೆರಳು ಅಲ್ಲಾಡಿಸಿದ್ರೂ ಸಿಗ್ನಲ್ ಅಂತಾರಲ್ಲ! ಎರಡೂ ಕೈ ಹಿಂದೆ ತಗೊಂಡು ಕಿಟಕಿ ಸರಳು ಹಿಡ್ಕೊಂಡೆ. ನೋಡಿ ಅಂಗೈ, ಗೆರೆ ಇನ್ನೂ ಇದೆ. ಹೆಗಲು ಉರಿಯುತ್ತೆ, ಕಂಕುಳು ಉರಿಯುತ್ತೆ, ಕತ್ತಲ್ಲಿ ಇರುವೆ ಸಾಲು ಹರ್ದಂಗೆ. ಹಲ್ಲು ಕಚ್ಕೊಂಡು, ಉಸಿರು ಬಿಗಿಹಿಡ್ಕೊಂಡು ಪೂರ್ತಿ ಹದಿನೈದು ನಿಮಿಷ ನಿಂತೆ. ಅವಳು ಎದ್ದು ಬಾಗಿಲು ದಾಟಿದ್ಲು ನೋಡಿ, ಆಮೇಲೆ ಬಿಟ್ಟೆ ಕೈ. ಪಾಪ ಹಿಂದೆ ಬಂದ ಮಕ್ಳೆಲ್ಲ ನನ್ನ ಮಗಳಿಗೋಸ್ಕರ ತಡ್ಕೊಂಡಿದ್ದ ಕಡಿತಾನ ಉತ್ತರ ಅಂದ್ಕೊಂಡು ಹೇಳಿದ್ವು.

ಬರೀರಿ ಮೇಡಂ, ಇದನ್ನೆಲ್ಲ ಬರೀರಿ. ಸುಳ್ಳು ಸೈನ್ ಹಾಕಿದ್ದೂ ಬರೀರಿ. ನಾನು ಓದಿ ಅದರ ಕೆಳಗೂ ಸೈನ್ ಹಾಕ್ತೀನಿ. ಅವಳ ಹೆಸರಿನ ಮುಂದೆ ಮಾತ್ರ ಏನೂ ಬರೀಬೇಡಿ.

ಯಾಕೆ ಹಂಗೆ ನೋಡ್ತಿದೀರಾ ಮೇಡಂ? ನಿಮ್ಮ ಕಣ್ಣು... ಫ್ಯಾನ್ ಆಫ್ ಮಾಡ್ಲಾ? ಧೂಳಿರ್ಬೇಕು.

ಒಂದು ಕೇಳ್ಲಾ? ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಆ ಮಾರ್ಕ್ಸ್ ಶೀಟು ನಿಮ್ಮ ಕೈ ಕೆಳಗೇ ಇದೆಯಲ್ಲ. ನಂಬರ್ ಹೇಳ್ಬೇಡಿ, ಅದು ರೂಲ್ಸಲ್ಲ. ಅದು ಬೇಡ. ನಾನು ಎದುರಿಗೇ ನಿಂತಿದ್ದೆ ಮೇಡಂ, ಆರಡಿ ದೂರ. ಆದ್ರೆ ಆ ಹಾಳು ಕಡಿತ ತಡ್ಕೊಳ್ಳೋದ್ರಲ್ಲಿ ಅವಳ ಒಂದು ಮಾತೂ ನನ್ನ ಕಿವಿಗೆ ಬೀಳ್ಲಿಲ್ಲ. ತುಟಿ ಅಲ್ಲಾಡಿದ್ದು ಕಂಡಿತು, ಅಷ್ಟೇ.

ಚೆನ್ನಾಗಿ ಹೇಳಿದ್ಲಾ ಮೇಡಂ?